ಅಪ್‌ಡೇಟ್: 30ರ ರಸ್ತೆಯಲ್ಲಿ 36, ಕೊನೆಗೂ ನೋಟಿಸ್ ಬಂತು

ಹೋದ ತಿಂಗಳು ಒಂದು ಪ್ರಶ್ನೆ ಕೇಳಿದ್ದೆ. ಇಂಗ್ಲೆಂಡಿನಲ್ಲಿ 30 ಮೈಲಿ ಮಿತಿಯ ರಸ್ತೆಯಲ್ಲಿ ಕ್ಯಾಮೆರಾ ಫ್ಲ್ಯಾಶ್ ಆಯ್ತು, ಮೀಟರ್ 38 ತೋರಿಸ್ತಿತ್ತು, '10 ಪರ್ಸೆಂಟ್ ಪ್ಲಸ್ 2' ಲೆಕ್ಕದಲ್ಲಿ ಬಚಾವಾಗ್ತೀನಾ ಅಂತ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಒಂಬತ್ತನೇ ದಿನ ನೋಟಿಸ್ ಬಂತು. ಕ್ಯಾಮೆರಾದಲ್ಲಿ ದಾಖಲಾಗಿದ್ದು 36. ಮೀಟರ್ ಯಾಕೆ ಜಾಸ್ತಿ ತೋರಿಸಿತು ಅಂದರೆ, ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು ಅಂತ ಕಾನೂನಿದೆ. ಹಾಗಾಗಿ ಕಂಪನಿಗಳು ಸ್ವಲ್ಪ ಮೇಲಕ್ಕೇ ಇಟ್ಟಿರುತ್ತವೆ.

ಈಗ ಆ ಲೆಕ್ಕದ ವಿಷಯ. 30ರ 10 ಪರ್ಸೆಂಟ್ ಅಂದರೆ 3, ಅದನ್ನೂ ಇನ್ನೊಂದು 2ನ್ನೂ 30ಕ್ಕೆ ಸೇರಿಸಿದರೆ 35. ಅದು 'ಅಲ್ಲಿವರೆಗೆ ಓಡಿಸಿ' ಅಂತಲ್ಲ. ಸಾಮಾನ್ಯವಾಗಿ 35ರಿಂದಲೇ ಕ್ರಮ ಶುರು. ನಾನು ಇದನ್ನೇ ತಪ್ಪು ತಿಳಿದಿದ್ದೆ. ಇದು ಪೊಲೀಸ್ ಮುಖ್ಯಸ್ಥರ ಮಂಡಳಿಯ ಮಾರ್ಗಸೂಚಿ ಅಷ್ಟೇ, ಹಕ್ಕಲ್ಲ. ಕಾನೂನಿನ ಪ್ರಕಾರ 31 ಕೂಡ ಅಪರಾಧವೇ. ಶಾಲೆ ಹತ್ತಿರ ಇನ್ನೂ ಬಿಗಿಯಾಗಿರಲು ಪೊಲೀಸರಿಗೆ ಅಧಿಕಾರವಿದೆ, ಇರಲೂಬೇಕು ಅಲ್ವಾ?

35ರಿಂದ 42ರೊಳಗೆ ಇದ್ದರೆ ದಂಡದ ಬದಲು ವೇಗದ ಬಗ್ಗೆ ತಿಳಿವಳಿಕೆ ಕೊಡುವ ಕೋರ್ಸ್ ಸಿಗಬಹುದು. ನನಗೂ ಅದೇ ಸಿಕ್ಕಿತು. ಇಲ್ಲದಿದ್ದರೆ 100 ಪೌಂಡ್ ದಂಡ, ಲೈಸೆನ್ಸ್ ಮೇಲೆ 3 ಪೆನಾಲ್ಟಿ ಪಾಯಿಂಟ್. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಕೋರ್ಸ್ ಇಲ್ಲ.

ಶನಿವಾರ ಆನ್‌ಲೈನ್‌ನಲ್ಲಿ ಕೋರ್ಸ್ ಇದೆ. ಊರೊಳಗೆ ಈಗ ಸ್ಪೀಡ್ ಲಿಮಿಟರ್ ಹಾಕಿಕೊಂಡೇ ಓಡಿಸ್ತಿದ್ದೇನೆ.