ಕಿಟಕಿ ಗ್ರಿಲ್ ಬೆಸೆದ ಮೇಲೆ ತೊಟ್ಟಿಲ ಹಾಗೆ ಬಾಗಿದೆ, ಉಳಿಸಿಕೊಳ್ಳೋದು ಹೇಗೆ?

ಹೊಸಕೈ:
ನಮ್ಮ ಮನೆಯದ್ದೇ ಕಿಟಕಿ ಅಂತ ಧೈರ್ಯ ಮಾಡಿದೆ. ಅಗಲ 4 ಅಡಿ, ಎತ್ತರ ಮೂರೂವರೆ. ಸುತ್ತ 25 × 5 ಮಿಮೀ ಪಟ್ಟಿ, ಒಳಗೆ 12 ಮಿಮೀ ಚೌಕ ಸರಳು ಹನ್ನೊಂದು. ಟ್ಯಾಕ್ (ಹಿಡಿದು ನಿಲ್ಲಿಸೋಕೆ ಚುಕ್ಕೆ ಬೆಸುಗೆ) ಹಾಕಿದಾಗ ಮಟ್ಟಸವಾಗೇ ಇತ್ತು. ಎಡಗಡೆಯಿಂದ ಸಾಲಾಗಿ ಬೆಸೆದು ಮುಗಿಸಿದೆ. ಈಗ ಎರಡೂ ತುದಿ ಎದ್ದು ತೂಗಾಡ್ತಿದೆ. ದಾರ ಎಳೆದು ನೋಡಿದ್ರೆ ನಡುವೆ ಎರಡು ಸೂತ (ಕಾಲು ಇಂಚು) ಸಂದು! ಕಬ್ಬಿಣವೇ ಕಳಪೆಯಾ?

ಗುಜರಿಅಂಗಡಿ:
ಸುತ್ತಿಗೇಲಿ ನಾಲ್ಕು ಬಿಡಿ, ದಾರಿಗೆ ಬರುತ್ತೆ.

ಹಳೇಹೋಲ್ಡರ್:
ಬಿಡಬೇಡಿ ಮಾರಾಯ್ರೇ, ಬೆಸುಗೆ ಬಾಯಿ ಬಿಟ್ಟೀತು. ಬೆಸುಗೆ ರಾಡ್ ಯಾವುದು, ಕರೆಂಟು ಎಷ್ಟು ಆಂಪ್? ಒಂದೇ ಮಗ್ಗುಲು ಬೆಸೆದಿದ್ದೀರಾ?

ಹೊಸಕೈ:
6013, 3.15 ಮಿಮೀ, 130 ಆಂಪ್. ಹೌದು, ಮೇಲಿನ ಮಗ್ಗುಲು ಮಾತ್ರ.

ಹಳೇಹೋಲ್ಡರ್:
ಹಾಗಿದ್ರೆ ಕಬ್ಬಿಣದ ತಪ್ಪಲ್ಲ. ಕರಗಿದ ಲೋಹ ಆರುವಾಗ ಕುಗ್ಗುತ್ತೆ. ಒಂದೇ ಅಂಚಲ್ಲಿ ಹನ್ನೊಂದು ಕಡೆ ಕುಗ್ಗಿದ್ರೆ ಪಟ್ಟಿ ಆ ಕಡೆಗೇ ಬಾಗದೆ ಇನ್ನೇನು ಮಾಡುತ್ತೆ? ಸಾಲಾಗಿ ಹೋದದ್ದರಿಂದ ಕಾವೂ ಒಂದೇ ಕಡೆ ಸೇರಿದೆ. ಈ ಪಟ್ಟಿಗೆ 2.5 ಮಿಮೀ ರಾಡು, 80 ಆಂಪ್ ಆಸುಪಾಸು ಸಾಕಿತ್ತು.

ಈಗ ಗ್ರಿಲ್ ಮಗುಚಿ ಹಾಕಿ, ಬೆಸೆದ ಮಗ್ಗುಲು ಕೆಳಗೆ. ನಡು ಉಬ್ಬಿ ನಿಲ್ಲುತ್ತೆ. ತುದಿಗಳ ಕೆಳಗೆ ಒಂದೊಂದು ಚೂರು ಪಟ್ಟಿ ಕೊಟ್ಟು, ನಡುವನ್ನು ಕ್ಲಾಂಪ್ ಹಾಕಿ ಮೇಜಿಗೆ ಎಳೆದು ಕಟ್ಟಿ. ಆಮೇಲೆ ಈ ಮಗ್ಗುಲನ್ನೂ ಬೆಸೆಯಿರಿ: ಮೊದಲು ನಡುವಿನ ಸರಳು, ಆಮೇಲೆ ಎಡತುದಿ, ಬಲತುದಿ, ಹೀಗೆ ಹಾರಿ ಹಾರಿ. ಮೇಲೊಂದು ಬೆಸೆದರೆ ಕೆಳಗಿನ ಪಟ್ಟಿಯಲ್ಲೊಂದು. ಕೈಯಿಟ್ಟರೆ ತಡೆಯುವಷ್ಟು ತಣ್ಣಗಾಗೋವರೆಗೆ ಕ್ಲಾಂಪ್ ಬಿಚ್ಚಬೇಡಿ. ಅವಸರಕ್ಕೆ ನೀರು ಹೊಯ್ಯೋ ಚಾಳಿ ಇದ್ರೆ ಬಿಟ್ಟುಬಿಡಿ.

ಮೂಲೆಯಿಂದ ಮೂಲೆಗೆ ಟೇಪ್ ಹಿಡಿದ್ರಾ? ಎರಡೂ ಕರ್ಣ ಒಂದೇ ಇರಬೇಕು. ಬಾಗು ಸರಿಹೋದರೂ ಕರ್ಣ ತಪ್ಪಿದ್ದರೆ ಚೌಕಟ್ಟಿಗೆ ಕೂರಲ್ಲ.

ಹೊಸಕೈ:
ಮಾಡಿದೆ ಸಾರ್. ಈಗ ಅರ್ಧ ಸೂತ ಉಳಿದಿದೆ. ಕರ್ಣದಲ್ಲಿ 2 ಮಿಮೀ ವ್ಯತ್ಯಾಸ.

ಹಳೇಹೋಲ್ಡರ್:
ಅಷ್ಟನ್ನು ಚೌಕಟ್ಟಿನ ಸ್ಕ್ರೂಗಳೇ ಎಳ್ಕೊಳ್ತವೆ. ಸ್ಲ್ಯಾಗ್ (ಬೆಸುಗೆ ಮೇಲೆ ಕೂರೋ ಗಾಜಿನಂಥ ಹೆಕ್ಕಳಿಕೆ) ಪೂರ್ತಿ ಕೆತ್ತಿ, ವೈರ್ ಬ್ರಷ್ ಹೊಡೆದು ಆಮೇಲೆ ರೆಡ್ ಆಕ್ಸೈಡ್ ಬಳಿಯಿರಿ. ಸ್ಲ್ಯಾಗ್ ಮೇಲೇ ಬಳಿದ ಗ್ರಿಲ್ ಒಂದು ನಮ್ಮ ಮನೇಲೇ ಇದೆ, ಪ್ರತಿ ಮಳೆಗಾಲವೂ ಗೋಡೆ ಮೇಲೆ ತುಕ್ಕಿನ ಗೆರೆ ಬರೆಯುತ್ತೆ.

ಗುಜರಿಅಂಗಡಿ:
ಸುತ್ತಿಗೆ ಮಾತು ವಾಪಸ್.