ಮಾಸಾಶನ ಬರುತ್ತಿದೆ, ಈಗ ಕೆಲಸವೂ ಸಿಕ್ಕಿದೆ. ಹೇಳಬೇಕಾ, ಸುಮ್ನಿರಬೇಕಾ?

ತುಮಕೂರು ಕಡೆಯವಳು

ಎಲ್ಲರಿಗೂ ನಮಸ್ಕಾರ. ಸುತ್ತಿ ಬಳಸದೆ ಕೇಳುತ್ತೇನೆ. ನನಗೆ 27 ವರ್ಷ. ಎರಡೂ ಕಾಲಿಗೆ ಕ್ಯಾಲಿಪರ್ (ಕಾಲಿಗೆ ಆಸರೆ ಕೊಡುವ ಪಟ್ಟಿ) ಕಟ್ಟಿಕೊಂಡು ಊರುಗೋಲು ಹಿಡಿದು ನಡೆಯುತ್ತೇನೆ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನಲ್ಲಿ 76 ಪರ್ಸೆಂಟ್ ಅಂಗವೈಕಲ್ಯ ಅಂತ ಇದೆ. 75 ದಾಟಿದವರ ಲೆಕ್ಕದಲ್ಲಿ ತಿಂಗಳಿಗೆ 1,400 ರೂಪಾಯಿ ಮಾಸಾಶನ ಬರುತ್ತದೆ. ಈಗ ನಮ್ಮ ತಾಲೂಕಿನ ಪೇಟೆಯ ಒಂದು ಜೆರಾಕ್ಸ್, ಡಿಟಿಪಿ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ಸಂಬಳ 8,000. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವುದು, ಅರ್ಜಿ ತುಂಬಿಸುವುದು, ಇಷ್ಟೇ. ಮನೆಯಲ್ಲಿ ಎಲ್ಲರಿಗೂ ಖುಷಿ. ಆದರೆ ಎದುರು ಮನೆಯ ಮಾವ ಮೊನ್ನೆ ಜಗಲಿ ಮೇಲೆ ಕೂತು, "ಸಂಬಳನೂ ಬೇಕು, ಸರ್ಕಾರದ ದುಡ್ಡೂ ಬೇಕಾ? ಯಾರಾದ್ರೂ ಒಂದು ಅರ್ಜಿ ಹಾಕಿದ್ರೆ ನಿಂತ್ಹೋಗುತ್ತೆ ನೋಡು" ಅಂದರು. ತಮಾಷೆಗೆ ಅಂದರೋ ನಿಜವಾಗಿಯೋ ಗೊತ್ತಿಲ್ಲ. ಅವತ್ತಿನಿಂದ ನಿದ್ದೆ ಇಲ್ಲ. ನಾನು ಹೋಗಿ ಹೇಳಿಬಿಡಬೇಕಾ? ಅಥವಾ ಸುಮ್ನೆ ಇರಬೇಕಾ?

ನಿವೃತ್ತ ಗುಮಾಸ್ತ

ನೋಡಮ್ಮ, ಕಂದಾಯ ಇಲಾಖೆಯಲ್ಲಿ ಮೂವತ್ತು ವರ್ಷ ಕಡತ ಹೊತ್ತವನು ನಾನು. ಮಾಸಾಶನಕ್ಕೆ ಆದಾಯ ಮಿತಿ ವರ್ಷಕ್ಕೆ 32,000. ನಿಮ್ಮ ಸಂಬಳ ವರ್ಷಕ್ಕೆ 96,000. ಅಂದರೆ ನಾಲ್ಕೇ ತಿಂಗಳಿಗೆ ಗೆರೆ ಮುಟ್ಟಿಬಿಡುತ್ತೀರಿ. ಕೆಲಸ ಮಾಡಬಾರದು ಅಂತ ಎಲ್ಲೂ ಬರೆದಿಲ್ಲ, ಅದು ಜನ ಕಟ್ಟಿದ ಕಥೆ. ಆದಾಯ ದಾಟಬಾರದು ಅಂತ ಮಾತ್ರ ಇದೆ. ಎರಡೂ ಒಂದೇ ಅಲ್ವಾ ಅಂತ ನೀವು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಬಸವನಗುಡಿ ಟ್ಯಾಕ್ಸ್‌ಪೇಯರ್

ಮೇಡಂ, ಬೇಜಾರಾಗಬೇಡಿ, ನೇರವಾಗಿ ಹೇಳುತ್ತೇನೆ. ಮಿತಿ ದಾಟಿದ ಮೇಲೂ ತಗೊಳ್ಳುವುದು ತಪ್ಪು. ಆ ದುಡ್ಡು ಕೆಲಸವೇ ಮಾಡಲಾಗದವರಿಗೆ ಇರುವುದು. ಎರಡಂತಸ್ತಿನ ಮನೆ ಇರುವವರ ಹತ್ತಿರ ವರ್ಷಕ್ಕೆ ಇಪ್ಪತ್ತು ಸಾವಿರ ಆದಾಯ ಅಂತ ಪ್ರಮಾಣಪತ್ರ ಇರುತ್ತದೆ, ನಾವೆಲ್ಲ ನೋಡಿಲ್ಲವಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 91ನೇ ಕಲಂ ಓದಿ. ಮೋಸದಿಂದ ಸೌಲಭ್ಯ ಪಡೆದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ತುಮಕೂರು ಕಡೆಯವಳು

ಸಾರ್, ನಾನು ಆದಾಯ ಪ್ರಮಾಣಪತ್ರ ತೆಗೆಸಿದಾಗ ನನಗೆ ಒಂದು ರೂಪಾಯಿ ಆದಾಯ ಇರಲಿಲ್ಲ. ಸುಳ್ಳು ಬರೆಸಿಲ್ಲ. ಅದು ಐದು ವರ್ಷ ನಡೆಯುತ್ತದೆ. ಕೆಲಸಕ್ಕೆ ಇನ್ನೂ ಸೇರಿಯೇ ಇಲ್ಲ, ಅಷ್ಟರಲ್ಲೇ ಜೈಲು ಅಂದುಬಿಟ್ಟಿರಲ್ಲ.

ಕೋಲಿನ ಸಪ್ಪಳ

ಜೈಲು ಅಂದವರಿಗೆ ಒಂದು ಲೆಕ್ಕ ಹೇಳುತ್ತೇನೆ. ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬ್ಯಾಂಕ್ ಕೆಲಸದಲ್ಲಿದ್ದೇನೆ, ಒಳ್ಳೆಯ ಸಂಬಳ. ಮಾಸಾಶನ ಬಿಟ್ಟು ವರ್ಷಗಳಾದವು. ಆದರೆ ಹಳೆ ತೆರಿಗೆ ಪದ್ಧತಿಯಲ್ಲಿ ಅಂಗವಿಕಲರಿಗೆ 80ಯು ಅನ್ನುತ್ತಿದ್ದ ಒಂದು ರಿಯಾಯಿತಿ ಇದೆ. 40 ಪರ್ಸೆಂಟ್ ಮೇಲಿನವರು 75,000, 80 ಪರ್ಸೆಂಟ್ ಮೇಲಿನವರು 1,25,000 ರೂಪಾಯಿಯನ್ನು ಆದಾಯದಿಂದ ಕಳೆಯಬಹುದು. ಬಿಲ್ಲು ತೋರಿಸಬೇಕಾಗಿಲ್ಲ, ಸರ್ಟಿಫಿಕೇಟ್ ಸಾಕು. ನಾನು 30 ಪರ್ಸೆಂಟ್ ಸ್ಲ್ಯಾಬಿನಲ್ಲಿದ್ದ ವರ್ಷ ಅದರಿಂದ ಉಳಿದದ್ದು 37,500. ಈ ಹುಡುಗಿಗೆ ವರ್ಷಕ್ಕೆ ಬರುವ ಮಾಸಾಶನ 16,800. ನನಗೆ ತೆರಿಗೆಯಲ್ಲಿ ಉಳಿದ ದುಡ್ಡು, ಅವಳು ವರ್ಷವಿಡೀ ಸಂಪಾದಿಸಬಹುದಾದ ಮಿತಿಗಿಂತಲೂ ಜಾಸ್ತಿ! ಕಣ್ಣಿಲ್ಲದವನಿಗೆ, ಕಾಲಿಲ್ಲದವನಿಗೆ ಖರ್ಚು ಜಾಸ್ತಿ ಅಂತ ಒಪ್ಪಿಕೊಂಡೇ ಸರ್ಕಾರ ಇದನ್ನು ಕೊಡುವುದು. ದೊಡ್ಡ ಸಂಬಳದವನಿಗೆ ಒಪ್ಪಿದ್ದನ್ನು ಎಂಟು ಸಾವಿರದವಳಿಗೆ ಯಾಕೆ ಒಪ್ಪುವುದಿಲ್ಲ?

ಬಸವನಗುಡಿ ಟ್ಯಾಕ್ಸ್‌ಪೇಯರ್

ಅದು ನೀವು ದುಡಿದು ಕಟ್ಟುವ ತೆರಿಗೆಯಲ್ಲಿ ರಿಯಾಯಿತಿ. ಇದು ಬೇರೆಯವರ ತೆರಿಗೆಯಿಂದ ಬರುವ ದುಡ್ಡು. ವ್ಯತ್ಯಾಸ ಇದೆ.

ಕೋಲಿನ ಸಪ್ಪಳ

ಖಜಾನೆಯಲ್ಲಿ ಆಗುವ ತೂತು ಒಂದೇ ಅಲ್ವಾ ಸ್ವಾಮಿ.

ಪಂಚಾಯಿತಿ ಕಾರ್ಯಕರ್ತ

ನಾನು ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು. ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ನನಗೂ ಒಂದು ಕಾಲು ಪೋಲಿಯೊ. ಊರಿನ ಅಂಗವಿಕಲರಿಗೆ ಅರ್ಜಿ ಹಾಕಿಸುವುದೇ ನನ್ನ ಕೆಲಸ, ಅದಕ್ಕೇ ಈ 32,000ದ ತಲೆಬಿಸಿ ನನಗೆ ದಿನಾ ಇದ್ದದ್ದೇ. ಒಂದು ಉದಾಹರಣೆ ಕೇಳಿ. ಅಂಗವಿಕಲರಿಗೂ ನರೇಗಾ ಜಾಬ್ ಕಾರ್ಡ್ ಮಾಡಿಸಿ, ಕೆಲಸ ಕೊಡಿಸಿ ಅಂತ ನಮಗೆ ಮೇಲಿನಿಂದ ಹೇಳುತ್ತಿದ್ದರು. ನಾವೂ ಮನೆ ಮನೆಗೆ ಹೋಗಿ ಮಾಡಿಸಿದೆವು. 2024-25ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 349 ಇತ್ತು. ನೂರು ದಿನ ಪೂರ್ತಿ ಮಾಡಿದರೆ 34,900. ಅಂದರೆ ಸರ್ಕಾರವೇ ಗ್ಯಾರಂಟಿ ಕೊಟ್ಟ ಕೆಲಸವನ್ನು ಪೂರ್ತಿ ಮಾಡಿದವನು ಸರ್ಕಾರವೇ ಹಾಕಿದ ಗೆರೆ ದಾಟುತ್ತಿದ್ದ. ತೊಂಬತ್ತೊಂದು ದಿನಕ್ಕೆ ನಿಲ್ಲಿಸಿದರೆ ಬಚಾವಾಗುತ್ತಿದ್ದ. ಹಾಗಂತ ನಾನು ಜನರಿಗೆ ಹೇಳಬೇಕಿತ್ತಾ?

ರೇಷನ್ ಕಾರ್ಡಿಗೆ 1.20 ಲಕ್ಷದವರೆಗೆ ಬಡವರು ಅಂತ ಲೆಕ್ಕ. ಅದೇ ಮನೆಯ ಅಂಗವಿಕಲ 32,000 ದಾಟಿದರೆ ಬಡವನಲ್ಲ. ಒಂದೇ ಮನೆ, ಒಂದೇ ಒಲೆ. ಗೃಹಲಕ್ಷ್ಮಿಯ 2,000ಕ್ಕೂ ಈ ತರಹದ ಗೆರೆ ಇಲ್ಲ, ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವ ಮನೆ ಆಗಿರಬಾರದು ಅಷ್ಟೇ.

ಪಾವಗಡದ ಅಣ್ಣ

ನಮ್ಮ ತಾಲೂಕಿನ ಸುತ್ತ ಆಂಧ್ರ. ಗಡಿ ಆಚೆ ಮಡಕಶಿರಾದಲ್ಲಿ ನನ್ನ ಷಡ್ಡಕ ಇದ್ದಾನೆ, ಅವನಿಗೂ ಕಾಲಿಲ್ಲ. 2024ರ ಜುಲೈಯಿಂದ ಅಲ್ಲಿ ಅಂಗವಿಕಲರಿಗೆ ತಿಂಗಳಿಗೆ 6,000. ಪೂರ್ತಿ ಹಾಸಿಗೆ ಹಿಡಿದವರಿಗೆ 15,000. ನಮಗೆ 40ರಿಂದ 74 ಪರ್ಸೆಂಟ್ ಇದ್ದರೆ 800. ಹಬ್ಬಕ್ಕೆ ಹೋದಾಗಲೆಲ್ಲ ಇದೇ ತಮಾಷೆ, "ಈ ಕಡೆ ಬಂದುಬಿಡು ಬಾವ, ಕಾಲಿಗೆ ರೇಟ್ ಜಾಸ್ತಿ ಇದೆ" ಅಂತಾನೆ. ಆದರೆ ಅಲ್ಲೂ ಈಗ ಸರ್ಟಿಫಿಕೇಟ್ ಮತ್ತೆ ತಪಾಸಣೆ, ನೋಟಿಸು, ಆಸ್ಪತ್ರೆ ಕ್ಯೂ ಅಂತ ಗೋಳು ಶುರುವಾಗಿತ್ತು. ಕೊಡುವ ದುಡ್ಡು ಜಾಸ್ತಿಯಾದರೆ ಅನುಮಾನವೂ ಜಾಸ್ತಿ.

ಲೆಸ್ಟರ್‌ನಿಂದ

ನಾನು ಇಂಗ್ಲೆಂಡಿನಲ್ಲಿದ್ದೇನೆ. ನನ್ನ ಹೆಂಡತಿಗೆ ನರದ ಕಾಯಿಲೆ, ಗಾಲಿಕುರ್ಚಿ. ಇಲ್ಲಿ ಪಿಪ್ ಅಂತ ಒಂದು ಭತ್ಯೆ 2013ರಲ್ಲಿ ಬಂತು. ಸಂಬಳ ಎಷ್ಟು ಅಂತ ಅದರಲ್ಲಿ ಕೇಳುವುದೇ ಇಲ್ಲ. ಸ್ನಾನಕ್ಕೆ ಸಹಾಯ ಬೇಕಾ, ಎಷ್ಟು ದೂರ ನಡೆಯಬಲ್ಲಿರಿ, ಅಡುಗೆ ಮಾಡಬಲ್ಲಿರಾ, ಇಂಥವೇ ಪ್ರಶ್ನೆ. ಅವಳು ಲೈಬ್ರರಿಯಲ್ಲಿ ಕೆಲಸವನ್ನೂ ಮಾಡುತ್ತಾಳೆ, ಪಿಪ್ ಕೂಡ ಬರುತ್ತದೆ, ಪೂರ್ತಿ ಕಾನೂನು ಪ್ರಕಾರ. ದುಡಿಯಲಾಗದವರಿಗೆ ಕೊಡುವ ಭತ್ಯೆ ಬೇರೆ ಇದೆ, ಅದಕ್ಕೆ ಆದಾಯದ ಕಟ್ಟುಪಾಡು ಉಂಟು. ಎರಡನ್ನೂ ಒಂದೇ ಚೀಲಕ್ಕೆ ತುಂಬಿಲ್ಲ. ಹಾಗಂತ ಸ್ವರ್ಗ ಅಂದುಕೊಳ್ಳಬೇಡಿ. ಪಿಪ್ ಸಂದರ್ಶನ ಮುಗಿಸಿ ಬಂದ ದಿನ ಅವಳು ಊಟ ಮಾಡಲಿಲ್ಲ. "ನಿಮ್ಮ ಹೆಂಡತಿ ಕೆಲಸಕ್ಕೆ ಹೋಗ್ತಾಳಲ್ಲ" ಅಂತ ಹುಬ್ಬೇರಿಸುವ ನೆರೆಯವರು ಇಲ್ಲೂ ಇದ್ದಾರೆ.

ನ್ಯೂಜೆರ್ಸಿ ನಂಜುಂಡ

ಅಮೆರಿಕದ್ದೂ ಸೇರಿಸುತ್ತೇನೆ. ದುಡಿಯುತ್ತಿದ್ದಾಗ ಸಂಬಳದಿಂದ ತೆರಿಗೆ ಕಟ್ಟಿ ಆಮೇಲೆ ಅಂಗವೈಕಲ್ಯ ಬಂದವರಿಗೆ ಎಸ್‌ಎಸ್‌ಡಿಐ ಅಂತ ಇದೆ. ಅವರು ಐದು ವರ್ಷದ ಅವಧಿಯಲ್ಲಿ ಒಂಬತ್ತು ತಿಂಗಳು ಕೆಲಸ ಮಾಡಿ ನೋಡಬಹುದು, ಆ ತಿಂಗಳುಗಳಲ್ಲಿ ಎಷ್ಟು ದುಡಿದರೂ ಭತ್ಯೆ ನಿಲ್ಲಿಸುವುದಿಲ್ಲ. ತಿಳಿಸಬೇಕು ಅಷ್ಟೇ. ಇದು ಚೆನ್ನಾಗಿದೆ. ಬಡವರಿಗೆ ಕೊಡುವ ಎಸ್‌ಎಸ್‌ಐ ಮಾತ್ರ ಘೋರ. ಒಬ್ಬರ ಹತ್ತಿರ 2,000 ಡಾಲರ್‌ಗಿಂತ ಜಾಸ್ತಿ ಉಳಿತಾಯ ಇರಬಾರದು, ಮತ್ತು ಆ ಅಂಕಿ 1989ರಿಂದ ಅಲುಗಾಡಿಲ್ಲ. ನಮ್ಮ 32,000 ನೋಡಿ ನಾಚಿಕೆಪಡಬೇಕಾಗಿಲ್ಲ, ಜೊತೆಗಾರರಿದ್ದಾರೆ.

ಒಬ್ಬ ಅಮ್ಮ

ನಾನು ಬರೆಯಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. ನನ್ನ ಮಗನಿಗೆ 24. ಬುದ್ಧಿ ನಾಲ್ಕೈದು ವರ್ಷದ ಮಗುವಿನದು. ಅವನಿಗೆ 2,000 ಮಾಸಾಶನ ಬರುತ್ತದೆ. ಹಗಲು ಒಂದು ತರಬೇತಿ ಕೇಂದ್ರಕ್ಕೆ ಹೋಗಿ ಕಾಗದದ ಕವರ್ ಅಂಟಿಸುತ್ತಾನೆ. ಶನಿವಾರ ಕೈಗೆ 200 ರೂಪಾಯಿ ಕೊಡುತ್ತಾರೆ. ಅವನಿಗೆ ಎಣಿಸಲು ಬರುವುದಿಲ್ಲ. ಆದರೆ ಸೀದಾ ಬೇಕರಿಗೆ ಹೋಗಿ ನೋಟು ಮುಂದೆ ಹಿಡಿದು ಬೆಣ್ಣೆ ಬಿಸ್ಕತ್ತು ತರುತ್ತಾನೆ, ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೊಟ್ಟು "ನಂದು, ನಂದು" ಅನ್ನುತ್ತಾನೆ. ಹೋದ ವರ್ಷ ಕೇಂದ್ರದವರು ದುಡ್ಡನ್ನು ಅವನ ಬ್ಯಾಂಕ್ ಖಾತೆಗೇ ಹಾಕುತ್ತೇವೆ ಅಂದರು. ನಾನು ಹೆದರಿ ಬೇಡ ಅಂದೆ. ಖಾತೆಗೆ ಆಧಾರ್ ಜೋಡಿಸಿದೆ, ಮಾಸಾಶನ ಬರುವುದೂ ಅದಕ್ಕೇ, ಯಾರಾದರೂ ನೋಡಿ ಇವನು ದುಡಿಯುತ್ತಾನೆ ಅಂದುಬಿಟ್ಟರೆ? ವರ್ಷಕ್ಕೆ 10,400 ಆಗುತ್ತದೆ, ಮಿತಿಯ ಹತ್ತಿರವೂ ಇಲ್ಲ ಅಂತ ಆಮೇಲೆ ನನ್ನ ತಮ್ಮ ಲೆಕ್ಕ ಹಾಕಿ ತೋರಿಸಿದ. ಆದರೂ ಭಯ ಹೋಗಿಲ್ಲ.

ಬಸವನಗುಡಿ ಟ್ಯಾಕ್ಸ್‌ಪೇಯರ್

ಅಮ್ಮಾ, ನಿಮ್ಮ ಮಗನ ಬಗ್ಗೆ ಯಾರೂ ಏನೂ ಅನ್ನುವುದಿಲ್ಲ. ಅನ್ನಲೂಬಾರದು. ನನ್ನ ಮಾತು ಇಷ್ಟೇ: ನಿಯಮ ಸರಿ ಇಲ್ಲದಿದ್ದರೆ ಬದಲಾಯಿಸಿ ಅಂತ ಕೇಳೋಣ, ನಾನೂ ಸಹಿ ಹಾಕುತ್ತೇನೆ. 32,000 ಅಂದರೆ ದಿನಕ್ಕೆ 88 ರೂಪಾಯಿ ಕೂಡ ಆಗುವುದಿಲ್ಲ, ಅದು ಹಾಸ್ಯಾಸ್ಪದ ಅಂತ ಒಪ್ಪುತ್ತೇನೆ. ಆದರೆ ಅಲ್ಲಿಯವರೆಗೆ ಗುಟ್ಟಾಗಿ ತಗೊಳ್ಳಿ ಅಂತ ಸಲಹೆ ಕೊಡುವುದು ಬೇಡ. ಎಲ್ಲರೂ ತಮ್ಮ ಕಷ್ಟ ನಿಜ ಅಂತಲೇ ಸುಳ್ಳು ಬರೆಸುವುದು. ಎರಡಂತಸ್ತಿನ ಮನೆಯವನೂ ಅದನ್ನೇ ಹೇಳುತ್ತಾನೆ.

ತುಮಕೂರು ಕಡೆಯವಳು

ಸರಿ, ನನ್ನ ಲೆಕ್ಕ ಹೇಳಿಬಿಡುತ್ತೇನೆ, ಆಮೇಲೆ ನೀವೇ ತೀರ್ಮಾನ ಮಾಡಿ. ಶಕ್ತಿ ಯೋಜನೆಯಲ್ಲಿ ನನಗೆ ಬಸ್ ಫ್ರೀ. ಆದರೆ ನಮ್ಮ ಕಡೆ ಬರುವ ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿಗಿಂತ ಮೇಲಿದೆ. ಕ್ಯಾಲಿಪರ್ ಹಾಕಿದ ಕಾಲು ಮಡಚುವುದಿಲ್ಲ. ಕಂಡಕ್ಟರ್ ಅಣ್ಣ ಕಂಕುಳಿಗೆ ಕೈ ಹಾಕಿ ಎತ್ತಿದರೆ ಮಾತ್ರ ಹತ್ತಬಹುದು, ಬಸ್ಸಿನ ತುಂಬ ಜನ ನೋಡುತ್ತಿರುತ್ತಾರೆ. ದಿನಾ ಎರಡು ಸಲ ಅದು ನನ್ನ ಕೈಲಾಗುವುದಿಲ್ಲ. ಆದ್ದರಿಂದ ಆಟೊ. ಹೋಗಲು 50, ಬರಲು 50. ತಿಂಗಳಿಗೆ 26 ದಿನ ಅಂದರೆ 2,600. ಊರುಗೋಲಿನ ತುದಿಯ ರಬ್ಬರ್ ಬುಷ್ ಮನೆಯಲ್ಲಿ ಇದ್ದರೆ ಆರು ತಿಂಗಳು ಬರುತ್ತದೆ, ದಿನಾ ರಸ್ತೆಗೆ ಇಳಿದರೆ ಎರಡೇ ತಿಂಗಳಿಗೆ ಸವೆದು ಕಬ್ಬಿಣ ಕಾಣುತ್ತದೆ. ಕ್ಯಾಲಿಪರ್ ಪಟ್ಟಿ, ಬೂಟು ರಿಪೇರಿಗೆ ಜಿಲ್ಲಾ ಕೇಂದ್ರಕ್ಕೇ ಹೋಗಬೇಕು, ಅವತ್ತಿನ ಸಂಬಳ ಕಟ್. ಕೈಗೆ ಉಳಿಯುವುದು ಐದು ಸಾವಿರ ಚಿಲ್ಲರೆ. ಆ ಕಡೆ 1,400ರ ಮಾಸಾಶನ ನಿಂತರೆ, ಈಗಿಗಿಂತ ಹೆಚ್ಚಾಗಿ ಸಿಗುವ ನಾಲ್ಕು ಸಾವಿರಕ್ಕೆ ನಾನು ಹನ್ನೊಂದು ಗಂಟೆ ಮನೆಯಿಂದ ಹೊರಗಿರಬೇಕು.

ದುಡ್ಡಿಗಿಂತ ಇನ್ನೊಂದು ಭಯ ಇದೆ. ಅಂಗಡಿ ಓನರ್ ನಾಳೆ ಬೇಡ ಅಂದರೆ? ನಿಂತ ಮಾಸಾಶನ ಮತ್ತೆ ಶುರು ಆಗಲು ಎಷ್ಟು ತಿಂಗಳು? ಮೊದಲನೇ ಸಲ ಮಂಜೂರಾಗಲು ನನ್ನ ಅಪ್ಪ ಒಂಬತ್ತು ಸಲ ಓಡಾಡಿದ್ದರು. ಈಗ ಅಪ್ಪ ಇಲ್ಲ.

ನಿವೃತ್ತ ಗುಮಾಸ್ತ

ನೀವು ಹೇಳಿದ ಕೊನೆಯ ಮಾತೇ ನಿಜವಾದ ರೋಗ. ರದ್ದು ಮಾಡುವುದಕ್ಕೆ ಒಂದು ಸಹಿ ಸಾಕು, ಮತ್ತೆ ಶುರು ಮಾಡಲು ಅರ್ಜಿ, ಹೊಸ ಆದಾಯ ಪ್ರಮಾಣಪತ್ರ, ಗ್ರಾಮ ಆಡಳಿತ ಅಧಿಕಾರಿ ವರದಿ, ಕಂದಾಯ ನಿರೀಕ್ಷಕರ (ಆರ್‌ಐ) ಸಹಿ, ತಹಶೀಲ್ದಾರ್ ಆದೇಶ, ಆಮೇಲೆ ಆಧಾರ್ ಜೋಡಣೆ ತಪ್ಪಿದೆ ಅಂತ ಇನ್ನೊಂದು ಸುತ್ತು. ಕೆಲಸ ಇರುವಷ್ಟು ದಿನ ತಡೆಹಿಡಿದು, ಕೆಲಸ ಹೋದ ತಿಂಗಳಿಂದಲೇ ಮತ್ತೆ ಬಿಡುವ ಹಾಗಿದ್ದರೆ ಅರ್ಧಕ್ಕರ್ಧ ಜನ ತಾವೇ ಬಂದು ಹೇಳುತ್ತಿದ್ದರು. ನನ್ನ ಸರ್ವೀಸಿನಲ್ಲಿ ತಾನಾಗಿ ಬಂದು "ನನಗೆ ಕೆಲಸ ಸಿಕ್ಕಿದೆ, ನಿಲ್ಲಿಸಿ" ಅಂದವರು ಇಬ್ಬರು. ಅದರಲ್ಲಿ ಒಬ್ಬಳ ಕೆಲಸ ಮೂರೇ ತಿಂಗಳಿಗೆ ಹೋಯಿತು. ಅವಳ ಮುಖ ಈಗಲೂ ನೆನಪಿದೆ.

ನನ್ನ ಸಲಹೆ: ಕೆಲಸ ಬಿಡಬೇಡಿ. ಬಾಯಲ್ಲಿ ಕೇಳಬೇಡಿ, ಬಾಯಿ ಮಾತಿಗೆ ಬಾಯಿ ಮಾತಿನ ಉತ್ತರವೇ ಸಿಗುವುದು. ತಹಶೀಲ್ದಾರರಿಗೆ ಬಿಳಿ ಹಾಳೆಯಲ್ಲಿ ಬರೆಯಿರಿ. ಇಂಥ ದಿನದಿಂದ ಕೆಲಸ, ಇಷ್ಟು ಸಂಬಳ, ಓಡಾಟಕ್ಕೆ ಇಷ್ಟು ಖರ್ಚು, ನನ್ನ ಮಾಸಾಶನದ ಬಗ್ಗೆ ಏನು ಕ್ರಮ, ಕೆಲಸ ಹೋದರೆ ಹೇಗೆ ಮತ್ತೆ ಕೊಡುತ್ತೀರಿ, ಲಿಖಿತವಾಗಿ ತಿಳಿಸಿ. ಎರಡು ಪ್ರತಿ ತಗೊಂಡು ಹೋಗಿ, ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಆದಾಯ ಮಿತಿಯ ಆದೇಶದ ಪ್ರತಿ ಕೇಳಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಮೂವತ್ತು ದಿನ. ಆ ಸೀಲು ಇದ್ದರೆ ಮೋಸ ಮಾಡಿದಳು ಅಂತ ಎದುರು ಮನೆಯವರಲ್ಲ, ಯಾರೂ ಹೇಳಲಾರರು.

ಕೋಲಿನ ಸಪ್ಪಳ

ಸೀಲು ಬೀಳುತ್ತದೆ, ಮಾಸಾಶನವೂ ಬೀಳುತ್ತದೆ. ಪ್ರಾಮಾಣಿಕರಿಗೆ ಮಾತ್ರ ಕತ್ತರಿ. ನಾನು ನಿಮ್ಮ ಜಾಗದಲ್ಲಿದ್ದರೆ ಆರು ತಿಂಗಳು ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ. ಕೆಲಸ ಗಟ್ಟಿ ಆದ ಮೇಲೆ ನೋಡೋಣ.

ಬಸವನಗುಡಿ ಟ್ಯಾಕ್ಸ್‌ಪೇಯರ್

ಗುಮಾಸ್ತರು ಹೇಳಿದ್ದು ಸರಿ. ಕೋಲಿನವರು ಹೇಳಿದ್ದು ತಪ್ಪು. ನಾನು ಮೊದಲು ಬರೆದದ್ದನ್ನು ವಾಪಸ್ ತಗೊಳ್ಳುವುದಿಲ್ಲ, ಆದರೆ ಜೈಲಿನ ಮಾತು ಬೇಕಾಗಿರಲಿಲ್ಲ.

ತುಮಕೂರು ಕಡೆಯವಳು

ಎರಡು ದಿನ ಯೋಚನೆ ಮಾಡಿದೆ. ಒಂದನೇ ತಾರೀಕು ಕೆಲಸಕ್ಕೆ ಸೇರುತ್ತೇನೆ. ಅರ್ಜಿ ನಾನೇ ಟೈಪ್ ಮಾಡಿದ್ದೇನೆ, ಎರಡು ಪುಟ ಆಯಿತು, ಆಟೊ ಖರ್ಚಿನ ಪಟ್ಟಿ ಬೇರೆ. ಸೋಮವಾರ ಕೊಡೋಣ ಅಂತ. ತೊಂದರೆ ಏನೆಂದರೆ ಆ ವಿಭಾಗ ಇರುವುದು ಮೊದಲನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಇಪ್ಪತ್ತೆರಡು ಮೆಟ್ಟಿಲು, ಹೋದ ಸಲ ಎಣಿಸಿದ್ದೆ.

ಪಂಚಾಯಿತಿ ಕಾರ್ಯಕರ್ತ

ಯಾವ ತಾಲೂಕು ಅಂತ ಮೆಸೇಜ್ ಮಾಡಿ ತಂಗಿ. ಪಕ್ಕದ್ದೇ ಆದರೆ ನಾನು ನನ್ನ ನಾಲ್ಕು ಚಕ್ರದ ಸ್ಕೂಟರಿನಲ್ಲಿ ಬರುತ್ತೇನೆ. ಮೆಟ್ಟಿಲು ನನ್ನ ಕೈಲೂ ಆಗುವುದಿಲ್ಲ. ಕೆಳಗೇ ಕೂತು, ಮೇಲಿನವರನ್ನೇ ಇಳಿದು ಬರಲು ಹೇಳೋಣ. ಎರಡು ಸಲ ಹಾಗೆ ಮಾಡಿದ್ದೇನೆ, ಬಂದಿದ್ದಾರೆ. ಸೀಲು, ಇಂಕ್ ಪ್ಯಾಡ್ ಎರಡೂ ಕೈಯಲ್ಲಿ ಹಿಡಿದುಕೊಂಡು ಬರಲು ಮೊದಲೇ ಹೇಳಬೇಕು, ಇಲ್ಲದಿದ್ದರೆ ಅದನ್ನು ತರಲು ಹೋದವರು ಮತ್ತೆ ಇಳಿಯುವುದಿಲ್ಲ.