ಕ್ಯಾಂಪಸ್ ಪ್ರೇಮ, ಮುಷ್ಕರ, ನಗೆ: ದಾವಣಗೆರೆ ಕಾದಂಬರಿ ಅರ್ಧದಲ್ಲಿ ನಿಂತಿದೆ, ದಾರಿ ಹೇಳಿ

ಹೈಸ್ಕೂಲ್‌ಮೈದಾನ ಕೇಳಿದ್ದು:

ದಾವಣಗೆರೆಯ ಡಿಗ್ರಿ ಕಾಲೇಜಿನಲ್ಲಿ ನಡೆಯುವ ಹಾಸ್ಯ ಕಾದಂಬರಿ. ಹುಡುಗ ವಿದ್ಯಾರ್ಥಿ ಸಂಘಟನೆಗೆ ಸೇರೋದು ತತ್ವಕ್ಕಲ್ಲ, ಅಲ್ಲಿರೋ ಹುಡುಗಿಗೆ. ಮೊದಲ ಅರವತ್ತು ಪುಟ ಸಲೀಸಾಗಿ ಹೋಗುತ್ತೆ. ಮುಷ್ಕರ ಶುರುವಾಯ್ತೋ, ಎಲ್ಲರೂ ಭಾಷಣಕ್ಕೆ ನಿಲ್ತಾರೆ. ನಗು ಮಾಯ. ಪ್ರೇಮ ಒಂದು ದಿಕ್ಕು, ಹೋರಾಟ ಇನ್ನೊಂದು ದಿಕ್ಕು. ಸದ್ಯದ ಬೇಡಿಕೆ ‘ಶಿಕ್ಷಣದ ವ್ಯಾಪಾರೀಕರಣ ನಿಲ್ಲಲಿ’. ಕಾಲ 1982 ಇಡಬೇಕೋ, ಈಗಿನದೋ? ಒಟ್ಟು ಎಷ್ಟು ಪುಟಕ್ಕೆ ನಿಲ್ಲಿಸಬೇಕು?

ಮಂಡಕ್ಕಿಭಟ್ಟಿ:

ಎಡವಿರೋದು ಬೇಡಿಕೆಯಲ್ಲೇ. ವ್ಯಾಪಾರೀಕರಣ ನಿಂತಿತೋ ಇಲ್ವೋ ಅಂತ ಯಾವ ಪ್ರಿನ್ಸಿಪಾಲರೂ ಸಂಜೆ ಐದಕ್ಕೆ ನೋಟಿಸ್ ಬೋರ್ಡಿಗೆ ಅಂಟಿಸೋಕಾಗಲ್ಲ. ಅಳತೆಗೆ ಸಿಗೋ ಬೇಡಿಕೆ ಕೊಡಿ: ಹಾಸ್ಟೆಲ್ ಸಾರು ಗಟ್ಟಿಯಾಗಬೇಕು, ಲೈಬ್ರರಿ ರಾತ್ರಿ ಎಂಟರವರೆಗೆ ತೆರೆದಿರಬೇಕು. ಚಿಕ್ಕದಾಯ್ತು ಅಂತ ಅಳುಕು ಬೇಡ. ಗುಜರಾತಿನ ನವನಿರ್ಮಾಣ ಚಳವಳಿ 1973ರ ಡಿಸೆಂಬರ್‌ನಲ್ಲಿ ಹೊತ್ತಿಕೊಂಡಿದ್ದು ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ಮೆಸ್ ಬಿಲ್ಲು ಶೇ. 20 ಏರಿದ್ದಕ್ಕೆ. 1974ರ ಫೆಬ್ರುವರಿ ಹೊತ್ತಿಗೆ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲರೇ ಮನೆಗೆ ಹೋದರು.

ಚಿಕ್ಕ ಬೇಡಿಕೆಯ ಇನ್ನೊಂದು ಲಾಭ, ಅದನ್ನ ಅರ್ಧ ಈಡೇರಿಸಬಹುದು. ಐದರಲ್ಲಿ ಮೂರಕ್ಕೆ ಪ್ರಿನ್ಸಿಪಾಲರು ಮೊದಲ ದಿನವೇ ‘ಆಯ್ತಪ್ಪ, ಮಾಡೋಣ’ ಅಂದುಬಿಡಲಿ. ಪೆಂಡಾಲ್‌ಗೆ ಅಡ್ವಾನ್ಸ್ ಕೊಟ್ಟಾಗಿದೆ, ಮೈಕ್ ಬಂದಿದೆ, ಹೋರಾಟಕ್ಕೆ ಕಾರಣವೇ ಇಲ್ಲ! ಈಗ ಹುಡುಗರು ಹೊಸ ಬೇಡಿಕೆ ಹುಡುಕಬೇಕು. ಎರಡು ಅಧ್ಯಾಯ ಇಲ್ಲೇ ಸಿಗುತ್ತೆ.

ಹೋರಾಟದ ಮೆಟ್ಟಿಲು ಮಾತ್ರ ತಪ್ಪಿಸಬೇಡಿ. ಮೊದಲು ಮನವಿ ಪತ್ರ, ಅದಕ್ಕೆ ಗಡುವು, ಆಮೇಲೆ ಕಪ್ಪುಪಟ್ಟಿ, ತರಗತಿ ಬಹಿಷ್ಕಾರ, ಜಯದೇವ ಸರ್ಕಲ್ಲಿಗೆ ಮೆರವಣಿಗೆ, ಧರಣಿ, ಕೊನೆಗೆ ಸರದಿ ಉಪವಾಸ. ಪ್ರೇಮ ಕೂರಬೇಕಾದ ಜಾಗ ಈ ಸರದಿ ಉಪವಾಸ. ದಿನಕ್ಕೆ ಐದು ಜನ, ಬೆಳಿಗ್ಗೆ ಹತ್ತರಿಂದ ಸಂಜೆ ಐದು, ಹೆಸರಿನ ಪಟ್ಟಿ ಕಥಾನಾಯಕನ ಕೈಲಿ. ಅವನು ಬೇರೆ ನಾಲ್ವರನ್ನ ಹಿಂದೆಮುಂದೆ ಮಾಡಿ ಅವಳ ಹೆಸರೂ ತನ್ನ ಹೆಸರೂ ಒಂದೇ ದಿನಕ್ಕೆ ತರ್ತಾನೆ. ಅವಳಿಗೆ ಅವತ್ತೇ ಇಂಟರ್ನಲ್ಸ್, ತಂಗಿಯನ್ನ ಕಳಿಸ್ತಾಳೆ. ಪೆಂಡಾಲ್ ಬೆಣ್ಣೆ ದೋಸೆ ಹೋಟೆಲಿನ ಎದುರಿಗೇ ಇರಲಿ. ಗಾಳಿ ತಿರುಗಿದಾಗಲೆಲ್ಲ ಕಾದ ಹಂಚಿನ ಬೆಣ್ಣೆ ವಾಸನೆ ಘೋಷಣೆ ಕೂಗೋ ಬಾಯಿಗೇ ಬರುತ್ತೆ. ಹೋಟೆಲು ನಿಜವಾದದ್ದಾದರೆ ಹೆಸರು ಹಾಕಬೇಡಿ.

ಹೊಟ್ಟೆಸೀಳು:

ಇಬ್ಬರನ್ನೂ ಒಂದೇ ಕೆಲಸಕ್ಕೆ ಹಚ್ಚಿ, ಆಗ ಪ್ರೇಮ ಬೇರೆ ದಿಕ್ಕಿಗೆ ಹೋಗಲ್ಲ. ಬ್ಯಾನರ್ ಬರೆಯೋದು ಸಾಕು. ಎರಡೂವರೆ ಮೀಟರ್ ಕೋರಾ ಬಟ್ಟೆ, ಅರ್ಧ ಲೀಟರ್ ಕೆಂಪು ಎನಾಮಲ್, ಒಂದಿಂಚಿನ ಬ್ರಶ್. ಬಟ್ಟೆ ಕೆಳಗೆ ಹಳೇ ಪೇಪರ್ ಹಾಸದಿದ್ದರೆ ಬಣ್ಣ ಇಳಿದು ಕಾಲೇಜು ವರಾಂಡದ ಮೇಲೆ ಘೋಷಣೆ ಹಾಗೇ ಅಚ್ಚಾಗಿ ಉಳಿಯುತ್ತೆ. ಮರುದಿನ ಅದನ್ನ ಓದಿಯೇ ಪ್ರಿನ್ಸಿಪಾಲರಿಗೆ ಎಲ್ಲಾ ಗೊತ್ತಾಗಲಿ.

ಕನ್ನಡದ ಬ್ಯಾನರಿಗೆ ಅದರದ್ದೇ ತಾಪತ್ರಯ ಇದೆ. ಸಾಲಿನ ಕೆಳಗೆ ಒತ್ತಕ್ಷರಕ್ಕೆ ನಾಲ್ಕು ಇಂಚು ಬಿಡದಿದ್ದರೆ ‘ವಿದ್ಯಾರ್ಥಿ’ಯ ಯ-ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಚುಚ್ಚುತ್ತೆ. ಪೆನ್ಸಿಲ್ ಗೆರೆ ಎಳೆಯದೆ ಎಡದಿಂದ ದಪ್ಪಗೆ ಶುರು ಮಾಡಿದವರಿಗೆ ಬಲತುದಿಯಲ್ಲಿ ‘ಜಿಂದಾಬಾದ್’ ಹಿಡಿಸಲ್ಲ, ‘ಬಾದ್’ ಬಟ್ಟೆಯ ಅಂಚಿನಲ್ಲಿ ಕೆಳಗಿಳಿಯುತ್ತೆ. ಎಲ್ಲಕ್ಕಿಂತ ದೊಡ್ಡದು ‘ದಿಕ್ಕಾರ’. ಹುಡುಗ ಹೊಟ್ಟೆ ಸೀಳದೆ ಬರೆದಿದ್ದಾನೆ. ಅವಳು ಬಂದು, ಏನೂ ಹೇಳದೆ, ಬ್ರಶ್ ಕಿತ್ತುಕೊಂಡು ದ ಕೆಳಗೆ ಒಂದು ಗೀಟು ಎಳೆದು ಹೋಗಲಿ. ಪ್ರೇಮ ನಿವೇದನೆಗೆ ಪುಟಗಟ್ಟಲೆ ಸಂಭಾಷಣೆ ಬೇಡ, ಆ ಗೀಟು ಸಾಕು.

ಕೋಟೆಬತೇರಿ (ಚಿತ್ರದುರ್ಗ):

ಕಾಲದ ಬಗ್ಗೆ. 1982 ಹಿಡಿದರೆ ಗೋಕಾಕ್ ಚಳವಳಿಯ ಬಿಸಿ ಪುಕ್ಕಟೆ ಸಿಗುತ್ತೆ, ಆದರೆ ಎಡವೋ ಕಲ್ಲುಗಳೂ ಜಾಸ್ತಿ. ಆಗ ದಾವಣಗೆರೆ ಜಿಲ್ಲೆಯೇ ಇಲ್ಲ, 1997ರವರೆಗೆ ಅದು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ಡಿಸಿಗೆ ಮನವಿ ಕೊಡಬೇಕಾದರೆ ಹುಡುಗರು ಬಸ್ ಹತ್ತಿ ಸುಮಾರು 60 ಕಿ.ಮೀ. ದೂರದ ದುರ್ಗಕ್ಕೆ ಬರಬೇಕು. (ಇದನ್ನ ಬಿಡಬೇಡಿ. ಬಸ್ಸಲ್ಲಿ ಅವಳ ಪಕ್ಕದ ಸೀಟು, ಮಡಿಲಲ್ಲಿ ಮನವಿ ಪತ್ರ. ಇಳಿದಾಗ ಡಿಸಿ ಸಾಹೇಬರು ಟೂರಲ್ಲಿ.) ವಿಶ್ವವಿದ್ಯಾಲಯವೂ ಮೈಸೂರು, ಕುವೆಂಪು ವಿವಿ ಬಂದಿದ್ದು 1987ರಲ್ಲಿ, ತೋಳಹುಣಸೆಯ ದಾವಣಗೆರೆ ವಿವಿ 2009ರಲ್ಲಿ. ಕರಪತ್ರ ಸೈಕ್ಲೋಸ್ಟೈಲ್‌ನಲ್ಲಿ, ಅಂದರೆ ಸ್ಟೆನ್ಸಿಲ್‌ನಿಂದ ಪ್ರತಿ ತೆಗೆಯೋ ಯಂತ್ರದಲ್ಲಿ. ಮೇಣದ ಸ್ಟೆನ್ಸಿಲ್ ಮೇಲೆ ಒತ್ತಿ ಬರೆದರೆ ಗುಂಡಕ್ಷರದ ಒಳಗಿನ ತುಂಡು ಕಿತ್ತು ಬಂದು ಶಾಯಿ ಮೆತ್ತಿಕೊಳ್ಳುತ್ತೆ. ‘ಠರಾವು’ ಓದಲೇ ಬರಲ್ಲ.

ಈಗಿನ ಕಾಲ ಇಟ್ಟರೆ ‘144 ಜಾರಿ’ ಅಂತ ಬರೆದು ಸಿಕ್ಕಿಬೀಳಬೇಡಿ. 2024ರ ಜುಲೈ 1ರಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಹಳೇ ಪೇದೆಯ ಬಾಯಲ್ಲಿ ಮಾತ್ರ ಇನ್ನೂ 144 ಬರಲಿ, ಹೊಸ ಎಸ್‌ಐ ಪ್ರತಿ ಸಲ ತಿದ್ದಲಿ. ನನ್ನ ಓಟು 1982ಕ್ಕೆ. ವಾಟ್ಸಾಪಿನಲ್ಲಿ ತಪ್ಪು ತಿಳಿವಳಿಕೆ ಎರಡು ನಿಮಿಷಕ್ಕೆ ಸರಿಹೋಗುತ್ತೆ. ಚೀಟಿಯಾದರೆ ಒಂದು ವಾರ ಎಳೆಯುತ್ತೆ.

ಮಂಡಕ್ಕಿಭಟ್ಟಿ:

ಒಪ್ಪಲ್ಲ. ಗ್ರೂಪಿನಲ್ಲಿ ಅಡ್ಮಿನ್ ಯಾರಾಗಬೇಕು ಅನ್ನೋ ಜಗಳಕ್ಕಿಂತ ತಮಾಷೆ 1982ರಲ್ಲಿ ಏನಿದೆ? ನೀಲಿ ಟಿಕ್ ಬಂದು ಉತ್ತರ ಬರದಿದ್ದರೆ ವಾರವೇನು, ತಿಂಗಳೂ ಎಳೆಯುತ್ತೆ.

ಹೈಸ್ಕೂಲ್‌ಮೈದಾನ:

ದುರ್ಗದ ಬಸ್ಸು ಕೇಳಿದ ಮೇಲೆ 1982ಕ್ಕೇ ಮನಸ್ಸು ವಾಲಿದೆ. ಕಾಲೇಜು ಚುನಾವಣೆ ಸೇರಿಸಬಹುದಾ?

ಫಾರಂಲೆಕ್ಕ:

ಸೇರಿಸಿ, ಆಗ ವಿದ್ಯಾರ್ಥಿಗಳೇ ನೇರ ಓಟು ಹಾಕ್ತಿದ್ದರು. ಈಗಿನ ಕಾಲವಾಗಿದ್ದರೆ ಕಷ್ಟ. ವಿದ್ಯಾರ್ಥಿ ಚುನಾವಣೆ ಹೇಗೆ ನಡೀಬೇಕು ಅಂತ ಹೇಳಿದ ಲಿಂಗ್ಡೋ ಸಮಿತಿಯ 2006ರ ನಿಯಮದಲ್ಲಿ ಅಭ್ಯರ್ಥಿಯ ಖರ್ಚು 5,000 ರೂಪಾಯಿ ದಾಟಬಾರದು, ಹಾಜರಾತಿ ಶೇ. 75 ಇರಬೇಕು, ಅಚ್ಚು ಹಾಕಿಸಿದ ಪೋಸ್ಟರ್ ಕೂಡದು. ಹಾಜರಾತಿ ಇರೋ ಹೋರಾಟಗಾರನನ್ನ ಹುಡುಕೋದೇ ಒಂದು ಕಾದಂಬರಿ.

ಪುಟ: ಡೆಮಿ 1/8 ಅನ್ನೋ ಪುಸ್ತಕದ ಅಳತೆಯಲ್ಲಿ ಪುಟಕ್ಕೆ ಸುಮಾರು 225 ಪದ. 45,000 ಪದ ಬರೆದರೆ 200 ಪುಟ, ಶೀರ್ಷಿಕೆ-ಅರಿಕೆ ಸೇರಿ 208, ಅಂದರೆ 16 ಪುಟದ 13 ಫಾರಂ (ಒಟ್ಟಿಗೆ ಅಚ್ಚಾಗಿ ಮಡಚೋ ಹಾಳೆ) ಸರಿಯಾಗಿ. ಮುಷ್ಕರ 60ಕ್ಕಲ್ಲ, 40ನೇ ಪುಟಕ್ಕೆ ಶುರುವಾಗಲಿ. ಯಾವ ಭಾಷಣವೂ ಮೂರು ಸಾಲು ಮುಟ್ಟೋದರೊಳಗೆ ಮೈಕ್ ಕುಂಯ್ ಅನ್ನಲಿ, ಕರೆಂಟ್ ಹೋಗಲಿ, ಅಥವಾ ಯಾರಾದರೂ ಮಂಡಕ್ಕಿ ಮೆಣಸಿನಕಾಯಿ ತರಲಿ.

ಮಾತಿನ ಬಗ್ಗೆ ಒಂದು. ಹುಡುಗರ ಬಾಯಲ್ಲಿ ‘ಬಾರಲೇ, ಹೋಗಾಣ’, ‘ಏನೈತಲೇ’ ಸರಿ. ‘ಹೌದ್ರೀಪಾ’ ಹಾಕಿದರೆ ಧಾರವಾಡಕ್ಕೆ ಹೋಗ್ತೀರಿ, ‘ಕಣ್ಲಾ’ ಹಾಕಿದರೆ ಮಂಡ್ಯಕ್ಕೆ. ಅವಳಿಗೆ ಅವನು ಮೊದಲ ನೂರು ಪುಟ ‘ನೀವು’ ಅಂತಲೇ ಮಾತಾಡಲಿ. ಮೆರವಣಿಗೆಯಲ್ಲಿ ಲಾಠಿ ಎತ್ತಿದಾಗ ಅವಳ ಬಾಯಿಂದ ‘ಓಡಲೇ!’ ಬರಲಿ, ಅವನು ಓಡೋದು ಬಿಟ್ಟು ಅಲ್ಲೇ ನಿಂತುಬಿಡಲಿ.